ಒಲೆ ಬೇರೆ

8 ನವೆಂಬರ್ 2021, ಸೋಮವಾರ. ರಾಯದುರ್ಗ.

ಇವತ್ತು ಏಳು ಮನೆಗೆ ಹೋದೆ. ಎರಡಕ್ಕೆ ಬೀಗ, ಒಂದರಲ್ಲಿ ನಾಯಿ. ಉಳಿದವುಗಳಲ್ಲಿ ಅದೇ ಮೊದಲ ಪ್ರಶ್ನೆ — ನಿಮ್ಮ ಮನೆಯಲ್ಲಿ ಎಷ್ಟು ಜನ? ಒಬ್ಬರೂ ನೇರ ಉತ್ತರ ಕೊಡುವುದಿಲ್ಲ. "ರೇಷನ್ ಕಾರ್ಡಿನಾಗ ಇದ್ದಂಗ ಹೇಳಲೇನ್ರಿ, ಖರೇನ ಹೇಳಲೇನ್ರಿ?" ಅಂತ ಕೇಳುತ್ತಾರೆ. ನನ್ನ ಪಿಎಚ್‌.ಡಿ. ನಿಂತಿರುವುದೇ ಈ ಮರುಪ್ರಶ್ನೆಯ ಮೇಲೆ. ಪಿಂಚಣಿ, ಅಕ್ಕಿ, ಆಸ್ಪತ್ರೆ, ಎಲ್ಲವೂ ಈಗ 'ಕುಟುಂಬ'ದ ಲೆಕ್ಕದಲ್ಲಿ ಬಾಗಿಲಿಗೇ ಬರುತ್ತವೆ. ಕುಟುಂಬ ಅಂದರೆ ಯಾರು ಅಂತ ಮಾತ್ರ ಯಾರೂ ಸರಿಯಾಗಿ ಬರೆದಿಟ್ಟಿಲ್ಲ.

ಕೊನೆಯ ಮನೆಯಾಕೆ ಜೀನ್ಸ್ ಪ್ಯಾಂಟಿನ ರಾಶಿಯ ನಡುವೆ ಕೂತು ತಿರುಗಿ ಕೇಳಿದಳು — "ನಿಮ್ಮನ್ಯಾಗ ಎಷ್ಟ್ ಮಂದಿ ಅದೀರ್ರಿ?" ಒಬ್ಬಳೇ ಅಂದೆ. ಪಾಪ ಅನ್ನಿಸಿರಬೇಕು, ಚಹಾ ಕೊಟ್ಟಳು.

ರೂಮು ಪರವಾಗಿಲ್ಲ. ಮೈಲಾರಮ್ಮ ಅನ್ನುವವರ ಮನೆಯ ಪಕ್ಕದ ಕೋಣೆ, ಬೇರೆ ಬಾಗಿಲು, ನಡುವೆ ಒಂದು ಗೋಡೆ. ಆಕೆಗೆ ಐವತ್ತರ ಮೇಲೆ. ಗಂಡ ಪಾಲಯ್ಯ ಬಳ್ಳಾರಿಯ ಜೀನ್ಸ್ ಬಣ್ಣದ ಘಟಕದಲ್ಲಿದ್ದರಂತೆ, ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಕೆಲಸ ಮನೆಯಲ್ಲೇ ಮಾಡುತ್ತಾರೆ. ಕರೋನಾ ಆದಮೇಲೆ ಆ ಕೆಲಸ ಅರ್ಧಕ್ಕಿಳಿದು, ಈಗ ವಿಧವಾ ಪಿಂಚಣಿಯಲ್ಲೇ ಮನೆ ನಡೆಯುತ್ತಿದೆ. ಬಾಡಿಗೆ ಮಾತಾಡುವಾಗ ನನ್ನ ಆಧಾರ್ ಜೆರಾಕ್ಸ್ ಕೇಳಿ ಇಸಿದುಕೊಂಡು ದೇವರ ಫೋಟೋದ ಹಿಂದೆ ಸಿಕ್ಕಿಸಿದರು. ಅಷ್ಟೇ ಪರಿಚಯ.

ರಾತ್ರಿಗೆ ಮೆಸ್ಸಿನ ಚಿತ್ರಾನ್ನ. ಮಧ್ಯಾಹ್ನದ್ದೇ ಇರಬೇಕು.

19 ನವೆಂಬರ್, ಶುಕ್ರವಾರ

ಮೂರು ದಿನದಿಂದ ಮಳೆ. ಈ ಊರಿಗೆ ಇಂಥ ಮಳೆ ಅಭ್ಯಾಸವಿಲ್ಲ, ನನಗೂ ಇಲ್ಲ. ಮೆಸ್ಸು ಮುಚ್ಚಿದೆ. ಬಿಸ್ಕತ್ತು ತಿಂದುಕೊಂಡು ಡೇಟಾ ಎಂಟ್ರಿ ಮಾಡುತ್ತಿದ್ದೆ. ಸಂಜೆ ಗೋಡೆಯ ಆಚೆಯಿಂದ ಯಾರೋ ಕುಟ್ಟಿದರು. ಹೆದರಿದೆ. ಮತ್ತೆ ಕುಟ್ಟಿದರು. ಆಮೇಲೆ ದನಿ —

"ಏ ಹುಡುಗಿ, ಮಳಿಯಾಗ ಏನ್ ತಿಂತಿ? ಉಣ್ಣಾಕ ಬಾರವ್ವ."

ಕೈಯಲ್ಲಿ ಸೌಟು ಹಿಡಿದೇ ಮೈಲಾರಮ್ಮ ಬಾಗಿಲು ತೆಗೆದರು. ಜೋಳದ ರೊಟ್ಟಿ, ಅಲಸಂದೆ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ. ಒಲೆಯ ಮುಂದೆ ಕೂರಿಸಿ ಹೆಂಚಿನಿಂದ ನೇರ ತಟ್ಟೆಗೆ ಹಾಕಿದರು. ಅಡುಗೆ ಬಿಸಿಯಾಗಿರುತ್ತದೆ ಅನ್ನುವುದೇ ಮರೆತುಹೋಗಿತ್ತು. ಕಣ್ಣಲ್ಲಿ ನೀರು ಬಂತು. ಹೊಗೆ ಅಂದೆ. ಆಕೆಯದು ಗ್ಯಾಸ್ ಒಲೆ.

6 ಡಿಸೆಂಬರ್, ಸೋಮವಾರ

ಮೆಸ್ಸು ತೆರೆದು ಎರಡು ವಾರವಾಯಿತು. ನಾನು ಹೋಗಿಲ್ಲ. ದಿನಾ ಕತ್ತಲಾಗುವ ಹೊತ್ತಿಗೆ ಗೋಡೆಗೆ ಸೌಟಿನ ಏಟು ಬೀಳುತ್ತದೆ, ಏಳುತ್ತೇನೆ. ಊಟಕ್ಕೆ ದುಡ್ಡು ಕೊಡಲು ಹೋಗಿ ಬೈಸಿಕೊಂಡೆ. "ಬಾಡಿಗಿ ಕೊಡ್ತಿಯಲ್ಲ, ಸಾಕು. ಒಬ್ಬಾಕಿಗೆ ಅಂತ ಎರಡು ರೊಟ್ಟಿ ಬಡಿಯಾಕ ನಂಗ ಬ್ಯಾಸರ ಬರ್ತಿತ್ತು." ಈಗ ತರಕಾರಿ ನಾನು ತರುತ್ತೇನೆ. ಉಂಡಮೇಲೆ ಇಬ್ಬರೂ ಕೂತು ಪ್ಯಾಂಟಿನ ದಾರ ಕತ್ತರಿಸುತ್ತೇವೆ. ನನ್ನ ಬೆರಳುಗಳೂ ನೀಲಿಯಾಗಿವೆ. ಲ್ಯಾಪ್‌ಟಾಪಿನ ಕೀಗಳ ಮೇಲೂ ಒಂದಿಷ್ಟು ನೀಲಿ. ಬನಶಂಕರಿ ಅನ್ನುವುದು ಆಕೆಗೆ ಉದ್ದವಾಯಿತು, ಶಂಕ್ರಿ ಅನ್ನುತ್ತಾರೆ. ಅಮ್ಮ ಹೋದಮೇಲೆ ಯಾರೂ ನನ್ನ ಹೆಸರು ತುಂಡು ಮಾಡಿರಲಿಲ್ಲ.

ಗೈಡ್ ಮೇಡಂ ತಮ್ಮ ಪ್ರಾಜೆಕ್ಟಿನಿಂದ ಸರ್ಕಾರಕ್ಕೆ ಕಳಿಸುವ ಪಾಲಿಸಿ ನೋಟ್ ಕೇಳುತ್ತಿದ್ದಾರೆ. 'ಕುಟುಂಬದ ವ್ಯಾಖ್ಯೆ' ಭಾಗ ನನ್ನದು. ನಮ್ಮ ಮಡಕಶಿರಾದ ಗುಡಿಬಂಡೆ, ಅಗಳಿ ಕಡೆಯ ಹುಡುಗಿಯರು ದೂರದ ಗಾರ್ಮೆಂಟ್ಸಿಗೆ ಹೋಗಿ ಒಂದು ರೂಮಿನಲ್ಲಿ ನಾಲ್ಕು ಜನ ಇರುತ್ತಾರೆ. ಊರಿನ ಕಾರ್ಡಿನಿಂದ ಹೆಸರು ಹೋಗಿರುತ್ತದೆ, ಅಲ್ಲಿ ಕಾರ್ಡಿಲ್ಲ. ಗಂಡ ಬಿಟ್ಟವರದೂ ಇದೇ ಪಾಡು. ಇಂಥವರು ಯಾವ ಲೆಕ್ಕದಲ್ಲಿ ಸೇರಬೇಕು? ಇವತ್ತು ದಾರ ಕತ್ತರಿಸುತ್ತ ಕೂತಿದ್ದಾಗ ವಾಕ್ಯ ಹೊಳೆಯಿತು. ಎದ್ದು ಬಂದು ಬರೆದೆ — "ಒಂದೇ ಒಲೆಯ ಅಡುಗೆ ಉಣ್ಣುವವರು, ರಕ್ತಸಂಬಂಧ ಇರಲಿ ಬಿಡಲಿ, ಒಂದೇ ಕುಟುಂಬ."

ಚೆನ್ನಾಗಿ ಬಂದಿದೆ. ಇಂಗ್ಲಿಷಿನಲ್ಲಿ ಅಷ್ಟು ಚೆನ್ನಾಗಿಲ್ಲ.

28 ಡಿಸೆಂಬರ್, ಮಂಗಳವಾರ

ಸರ್ಕಾರದವರು ನೋಟ್ ಒಪ್ಪಿದ್ದಾರೆ! ಒಂದೆರಡು ಕಡೆ ಟ್ರಯಲ್. ಒಂದು ಇಲ್ಲೇ, ನಮ್ಮ ವಾರ್ಡೂ ಸೇರಿ. ವ್ಯಾಖ್ಯೆ ನನ್ನದೇ, ಒಂದು ಪದ ಬದಲಿಸಿಲ್ಲ. ಮೇಡಂ ಫೋನಿನಲ್ಲಿ "ವೆಲ್ ಡನ್" ಅಂದರು. ಅವರ ಬಾಯಿಂದ ಅದು ಸುಲಭಕ್ಕೆ ಬೀಳುವುದಿಲ್ಲ.

ಯಾರಿಗೆ ಹೇಳುವುದು... ಕಾಂಟ್ಯಾಕ್ಟ್ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಎಳೆದೆ. ಇಟ್ಟೆ. ಮೈಲಾರಮ್ಮನಿಗೆ ಹೇಳಿದೆ. "ಅಂದ್ರ ಸಂಬಳ ಜಾಸ್ತಿ ಮಾಡ್ತಾರೇನು?" ಇಲ್ಲ ಅಂದೆ. "ಮತ್ತ್ಯಾಕ ಹಲ್ಲು ಕಿಸಿತಿ?" ಅಂದು, ಆದರೂ ರವೆ ಉಂಡೆ ಮಾಡಿದರು.

15 ಜನವರಿ 2022, ಶನಿವಾರ. ಮಡಕಶಿರಾ.

ಹಬ್ಬಕ್ಕೆ ಅಣ್ಣನ ಮನೆ. ಭಾನುಪ್ರಕಾಶ್ ಈಗ ಟೈಲರಿಂಗ್ ಅಂಗಡಿ ದೊಡ್ಡದು ಮಾಡಿದ್ದಾನೆ, ನಾಲ್ಕು ಮಿಷನ್. ಅತ್ತಿಗೆ ನನಗೆ ಹೊಸ ತಟ್ಟೆ ತೆಗೆದರು, ನೆಂಟರಿಗೆ ತೆಗೆಯುವ ತಟ್ಟೆ. "ನಾಚ್ಕೋಬೇಡ, ಹಾಕ್ಕೋ" ಅಂದರು. ಇದೇ ಮನೆಯಲ್ಲಿ ನಾನು ಪಾತ್ರೆಯ ತಳದ ಸೀಕಲು ಕೆರೆದು ತಿಂದವಳು.

ಊಟದ ನಡುವೆ ಅವನೇ ಮಾತು ತೆಗೆದ. "ಕಾರ್ಡ್ನಾಗಿಂದ ನಿನ್ ಹೆಸ್ರು ತೆಗ್ಸಿದ್ದು ಮನ್ಸಿಗೆ ಇಟ್ಕಂಡಿದ್ದೀಯೇನೋ. ನಿಂಗೆ ಸಂಬ್ಳ ಬಂದ್ರೆ ಮನೇರ ಅಕ್ಕಿ, ಪಿಂಚಣಿ ಎಲ್ಲಾ ಹೋಯ್ತದೆ, ಅದುಕ್ಕೆ ತೆಗ್ಸಿದ್ದು ಕಣಮ್ಮಿ."

ಗೊತ್ತು ಅಂದೆ. ಈ ವಿಷಯದಲ್ಲೇ ಸಂಶೋಧನೆ ಮಾಡುತ್ತಿರುವವಳು, ಗೊತ್ತಿಲ್ಲದೆ ಏನು? ಅವನು ಮಾಡಿದ್ದು ಸರಿಯೇ. ಆದರೂ ಮೂರು ವರ್ಷದಿಂದ ನಾನು ಯಾವ ಕಾರ್ಡಿನಲ್ಲೂ ಇಲ್ಲ. ನನ್ನ ಅಧ್ಯಾಯದ ಭಾಷೆಯಲ್ಲಿ ನಾನು 'ಹೊಂದಿಕೆಯಾಗದ ವ್ಯಕ್ತಿ'.

ಚಿಕ್ಕಪ್ಪ ಬೇರೆಯಾದಾಗ ಅಜ್ಜಿ ಪಾಲು ಹಾಕಿದ್ದು ನೆನಪಾಯಿತು. ಹೊಸ ಒಲೆಗೆ ಒಂದು ಪಾತ್ರೆ, ಒಂದು ಹೆಂಚು, ಸೆರಗಿನಲ್ಲಿ ಉಪ್ಪು. ಅಳುತ್ತಲೇ ಕೊಟ್ಟಿದ್ದಳು. ನನ್ನ ಹೆಸರು ತೆಗೆಸಿದ್ದು ಮಾತ್ರ ಮೊಬೈಲಿಗೆ ಬಂದ ಮೆಸೇಜಿನಿಂದ ತಿಳಿಯಿತು.

ನಾಳಿದ್ದು ಹೊರಡಬೇಕಿತ್ತು. ನಾಳೆಯೇ ಹೋಗುತ್ತೇನೆ.

24 ಜನವರಿ, ಸೋಮವಾರ. ರಾಯದುರ್ಗ.

ಡಿ. ಹಿರೇಹಾಳದಲ್ಲಿ ಎರಡು ದಿನ ಸರ್ವೆ ಮುಗಿಸಿ ಬಂದೆ. ಚೀಲ ಇಡುವ ಮೊದಲೇ ಮೈಲಾರಮ್ಮ ಬಾಗಿಲಲ್ಲಿ. ಮುಖ ಬೆಳಗಿತ್ತು.

"ಶಿವಲೀಲಾ ಬಂದಿದ್ಲು. ಹೊಸಾ ಲೆಕ್ಕ ಅಂತ. ಈ ಒಲಿ ಮ್ಯಾಲ ಯಾರ್ಯಾರು ಉಣ್ತೀರಿ ಅಂದ್ಲು. ನಾನು, ನಮ್ಮ ಶಂಕ್ರಿ ಅಂದೆ. ನಿನ್ನ ಜೆರಾಕ್ಸ್ ಕೊಟ್ಟೆ. ಹೆಸರು ಬರಕೊಂಡು ಹೋದ್ಲು!"

ಶಿವಲೀಲಾ ನಮ್ಮ ಬೀದಿಯ ವಾಲಂಟೀರ್, ತಿಂಗಳ ಒಂದನೇ ತಾರೀಖು ಪಿಂಚಣಿ ತರುವವಳು. ಸಂಬಂಧ ಏನು ಅಂತ ಕೇಳಲಿಲ್ಲವೇ ಅಂದೆ. ಕೇಳಲಿಲ್ಲವಂತೆ. ಹೊಸ ವ್ಯಾಖ್ಯೆಯಲ್ಲಿ ಅದನ್ನು ಕೇಳಬೇಕಾಗಿಲ್ಲ. ಆ ಪ್ರಶ್ನೆಯನ್ನು ನಾನೇ ತೆಗೆಸಿದ್ದು.

ಆಗಲೇ ಹೋಗಿ ನನ್ನ ಹೆಸರು ತೆಗೆಸಬೇಕಿತ್ತು. ಸಂಬಳದವಳು ಸೇರಿದರೆ ಪಿಂಚಣಿಗೆ ಏನಾಗುತ್ತದೆ ಅಂತ ಗೊತ್ತಿದ್ದವಳು ನಾನೊಬ್ಬಳೇ. ನಾಳೆ ಹೋಗುತ್ತೇನೆ ಅಂದುಕೊಂಡೆ. ಊಟ ಮಾಡಿದೆ. ಇವತ್ತೊಂದು ದಿನ ಇರಲಿ ಅನ್ನಿಸಿತು. ಎಲ್ಲೋ ಒಂದು ಕಡೆ, ಯಾರದೋ ಹೆಸರಿನ ಕೆಳಗೆ, ನನ್ನ ಹೆಸರಿದೆ.

1 ಫೆಬ್ರವರಿ, ಮಂಗಳವಾರ

ನಾಳೆ ನಾಳೆ ಅಂತ ಹೋಗಲೇ ಇಲ್ಲ. ಇವತ್ತು ಶಿವಲೀಲಾ ಎಲ್ಲರ ಮನೆಗೂ ಹೋಗಿ ನಮ್ಮ ಬಾಗಿಲು ದಾಟಿ ಮುಂದೆ ನಡೆದಳು. ಮೈಲಾರಮ್ಮ ಮುಖ ತೊಳೆದು, ಕೂದಲು ಬಾಚಿ, ಕಟ್ಟೆಯ ಮೇಲೆ ಕೂತಿದ್ದರು. ಕೂಗಿ ಕರೆದರು. ಅವಳು ಹಿಂದೆ ಬಂದು ನನ್ನನ್ನು ನೋಡಿ ತಗ್ಗಿದ ದನಿಯಲ್ಲಿ —

"ಪಿಂಚಣಿಗೆ ಹೋಲ್ಡ್ ಬಂದೈತ್ರಿ ಮೇಡಂ. ಮನ್ಯಾಗ ಟ್ಯಾಕ್ಸ್ ಕಟ್ಟೋರು ಅದಾರ ಅಂತ ತೋರಸ್ತೈತಿ. ಅಕ್ಕಿ ಕಾರ್ಡೂ ನಿಲ್ತೈತ್ರಿ."

ಟ್ಯಾಕ್ಸ್ ಕಟ್ಟುವವರು ಅಂದರೆ ನಾನು. ಪ್ರಾಜೆಕ್ಟ್ ಸಂಬಳದಲ್ಲಿ ಹಿಡಿದುಕೊಳ್ಳುವ ಚೂರು. ಮೈಲಾರಮ್ಮ ನನ್ನ ಕಡೆಯೂ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. "ಇರ್ಲಿ ಬಿಡು, ಮುಂದಿನ ತಿಂಗಳು ಬರ್ತೈತಿ" ಅಂದು ಒಳಗೆ ಹೋದರು. ಆ ದುಡ್ಡು ನಾನು ಕೊಡುತ್ತೇನೆ ಅಂದರೆ ಕೈ ಅಡ್ಡ ಹಿಡಿದರು. "ನೀನು ನಾಳೆ ಹೋಗಾಕಿ. ಅದು ನಾ ಸಾಯೋತನಕ ಬರೋದು."

ನಿಜ. ಮೇ ತಿಂಗಳಿಗೆ ನನ್ನ ಫೀಲ್ಡ್‌ವರ್ಕ್ ಮುಗಿಯುತ್ತದೆ.

3 ಫೆಬ್ರವರಿ, ಗುರುವಾರ

ವಾರ್ಡಿನ ಕಚೇರಿ. ಪಿಂಚಣಿ ನೋಡಿಕೊಳ್ಳುವವರು ತಿಪ್ಪೇಸ್ವಾಮಿ, ಶಾಂತ ಮನುಷ್ಯ. ಹೆಸರು ತೆಗೆಯಿರಿ, ತಪ್ಪಾಗಿ ಸೇರಿದೆ ಅಂದೆ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. 'ತಪ್ಪಾಗಿದೆ' ಅನ್ನುವ ಕಾರಣ ಅದರಲ್ಲಿಲ್ಲ. ಇರುವುದು ಮೂರೇ — ಮರಣ, ಮದುವೆ, ಒಲೆ ಬೇರೆ.

ಪಕ್ಕದಲ್ಲಿದ್ದ ಶಿವಲೀಲಾ, "ಮದುವಿ ಅಂತ ಒತ್ತಿಬಿಡ್ರಿ ಸಾರ್, ಬೇಗ ಆಗ್ತೈತಿ" ಅಂದಳು.

"ಯಾರ ಜೋಡಿ?" ತಿಪ್ಪೇಸ್ವಾಮಿ ಕೇಳಿದರು.

"ಅದನ್ನ ಮೇಡಂ ಆಮ್ಯಾಲ ನೋಡ್ಕೊಂತಾರ್ರಿ."

ಮೂವರೂ ನಕ್ಕೆವು. ಬಹಳ ದಿನದ ಮೇಲೆ ಜೋರಾಗಿ ನಕ್ಕಿದ್ದೆ. 'ಒಲೆ ಬೇರೆ' ಅಂತ ಅರ್ಜಿ ಕೊಟ್ಟಿದ್ದೇನೆ. ತಿಪ್ಪೇಸ್ವಾಮಿ ಯಾವುದೋ ಒಂದು ದಿನ ಹೇಳದೆ ಬಂದು ನೋಡುತ್ತಾರೆ. ಎರಡು ಒಲೆ ಉರಿಯುತ್ತಿರಬೇಕು. ಒಂದೇ ಕಂಡರೆ ಅರ್ಜಿ ಬಿತ್ತು, ಪಿಂಚಣಿ ಪೂರ್ತಿ ರದ್ದು.

ಗೈಡ್ ಮೇಡಂಗೆ ಫೋನ್ ಮಾಡಿದೆ. ವ್ಯಾಖ್ಯೆಯಲ್ಲಿ ತೊಂದರೆ ಇದೆ, ತಿದ್ದೋಣ ಅಂದೆ. "ಬನಶಂಕರಿ, ಇದು ಒಂದು ಕೇಸ್. ಒಂದು ಕೇಸಿಗೆ ಪಾಲಿಸಿ ತಿದ್ದೋಕಾಗಲ್ಲ. ಚೆನ್ನಾಗಿದೆ, ಥೀಸಿಸ್‌ನಲ್ಲಿ ಬಾಕ್ಸ್ ಐಟಂ ಮಾಡಿ ಹಾಕು." ಅವರು ಹೇಳಿದ್ದು ಸರಿಯೇ ಇರಬಹುದು. ಬೇರೆಯವರ ಕೇಸಾಗಿದ್ದರೆ ನಾನೂ ಬಾಕ್ಸ್ ಹಾಕಿ ಮುಗಿಸುತ್ತಿದ್ದೆ.

5 ಫೆಬ್ರವರಿ, ಶನಿವಾರ

ಒಂದು ಬರ್ನರಿನ ಸ್ಟವ್ ತಂದೆ. ಮೈಲಾರಮ್ಮನಿಗೆ ಹೇಳಿಕೊಟ್ಟೆ — ಯಾರು ಬಂದು ಕೇಳಿದರೂ ನಾನು ಬಾಡಿಗೆಯವಳು, ಬೇರೆ ಏನೂ ಅಲ್ಲ. 'ಆಕೆ ಏನು ಉಣ್ಣುತ್ತಾಳೋ ನನಗೆ ಗೊತ್ತಿಲ್ಲ' ಅನ್ನಬೇಕು. ಎರಡು ಸಲ ಹೇಳಿಸಿದೆ. ಎರಡನೇ ಸಲ ಸರಿಯಾಗಿ ಹೇಳಿದರು. ಕೇಳಿ ನನಗೇ ಹಿಂಸೆಯಾಯಿತು.

"ಮತ್ತ ಗ್ವಾಡಿ ಬಡಿಬಾರದೇನು?"

ಬೇಡ ಅಂದೆ. ಸಂಜೆ ಸ್ಟವ್ ಹಚ್ಚಿ ಉಪ್ಪಿಟ್ಟು ಮಾಡಿದೆ. ಗಂಟು ಗಂಟಾಯಿತು. ಒಂದು ಗೋಡೆಯ ಆಚೆ ಆಕೆ ಒಬ್ಬರೇ, ಈಚೆ ನಾನು.

8 ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಮೈಲಾರಮ್ಮ ನನ್ನ ರೂಮಿನಲ್ಲಿ, ಒಳ್ಳೆಯ ಸೀರೆ ಉಟ್ಟು ನಿಂತಿದ್ದಾರೆ. ನೆಲದ ಮೇಲೆ ಚಾಪೆ. ಅದರ ಮೇಲೆ ಒಂದು ಸ್ಟೀಲ್ ಬೋಗುಣಿ, ಒಂದು ರೊಟ್ಟಿ ಹೆಂಚು, ಒಂದು ಹಿತ್ತಾಳೆ ಚೊಂಬು. ಏನಿದು ಅಂದೆ.

"ಒಲಿ ಬ್ಯಾರೆ ಅಂತ ಬರಕೊಟ್ಟು ಬಂದಿ. ಸುಮ್ನ ಬ್ಯಾರೆ ಆಗಾಕ ಬರಂಗಿಲ್ಲವ್ವ. ಪಾಲು ತಗೋಬೇಕು."

ಅಮ್ಮಾ, ಅದು ಬರೀ ಕಾಗದಕ್ಕೆ, ನಿಮ್ಮ ಪಿಂಚಣಿಗೋಸ್ಕರ ಅಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. "ಪಾಲು ಕೊಡದ ಕಳಿಸಿದ್ರ ಹೊರಗ ಹಾಕಿದಂಗ. ನಾ ಯಾಕ ನಿನ್ನ ಹೊರಗ ಹಾಕಲಿ?" ಸೆರಗಿನಿಂದ ಉಪ್ಪು ತೆಗೆದು ನನ್ನ ಎರಡೂ ಕೈಗೆ ಸುರಿದರು. ಆಕೆಯ ಹತ್ತಿರ ಇದ್ದದ್ದೇ ಎರಡು ಬೋಗುಣಿ, ಎರಡು ಹೆಂಚು. ಸರಿಯಾಗಿ ಅರ್ಧ.

ಬೋಗುಣಿಯ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ 'ಪಾಲಯ್ಯ' ಅಂತ, ಈ ಗಡಿ ಊರಿನ ರೂಢಿಯಂತೆ, ತೆಲುಗಿನಲ್ಲಿ ಕೊರೆದಿದೆ, ಮದುವೆಯಲ್ಲಿ ಕೊಟ್ಟದ್ದಿರಬೇಕು, ಸವೆದಿದೆ. ಅದರ ಕೆಳಗೆ ಹೊಸದಾಗಿ, ಫಳಫಳ ಅನ್ನುವ ಹಾಗೆ, ನನ್ನ ಹೆಸರು. ನಿನ್ನೆ ಪಾತ್ರೆ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬಂದರಂತೆ. ಕೈಯಲ್ಲಿ ಉಪ್ಪು ಹಿಡಿದುಕೊಂಡು ಅತ್ತೆ. ಈ ಸಲ ಹೊಗೆ ಅನ್ನಲಿಲ್ಲ.

17 ಫೆಬ್ರವರಿ, ಗುರುವಾರ

ಇವತ್ತು ಬಂದರು. ಬೆಳಿಗ್ಗೆ ಎಂಟಕ್ಕೆ ತಿಪ್ಪೇಸ್ವಾಮಿ, ಜೊತೆಗೆ ಶಿವಲೀಲಾ. ನನ್ನ ಸ್ಟವ್ ಮೇಲೆ ಅನ್ನ ಕುದಿಯುತ್ತಿತ್ತು. ಸದ್ಯ ಅಂದುಕೊಂಡೆ. ಆ ಕಡೆ ಒಲೆ ಫೋಟೋ, ಈ ಕಡೆ ಒಲೆ ಫೋಟೋ. ಮುಗಿಯಿತು ಅನ್ನುವಾಗ ಅವರು ಬಗ್ಗಿ ಬೋಗುಣಿ ನೋಡಿದರು. ಓದಿದರು.

"ಪಾಲಯ್ಯ... ಬನಶಂಕರಿ. ಇದು ಹೆಂಗ್ರಿ?"

 ಒಂದೇ ಪಾತ್ರೆಯ ಮೇಲೆ ಎರಡು ಹೆಸರಿದ್ದರೆ ಒಂದೇ ಮನೆ ಅಂದ ಹಾಗೆ. ಅದನ್ನು ಬಚ್ಚಿಡಬೇಕು ಅಂತ ಹೊಳೆದೇ ಇರಲಿಲ್ಲ, ನನಗಿರುವುದು ಅದೊಂದೇ ಬೋಗುಣಿ. ಗಿಫ್ಟ್ ಸಾರ್, ಹೌಸ್ ಓನರ್ ಕೊಟ್ಟಿದ್ದು... ಅಂತ ಏನೋ ತೊದಲಿದೆ. ಮೈಲಾರಮ್ಮನ ಕಡೆ ನೋಡಿದೆ, ಹೇಳಿಕೊಟ್ಟದ್ದು ಹೇಳಲಿ ಅಂತ. ಶಿವಲೀಲಾ ಕೂಡ ಸನ್ನೆ ಮಾಡಿದಳು. ಆಕೆ ಬಾಯಿ ತೆರೆದರು — "ಈಕಿ ಬಾಡಿಗಿ..." — ಅಲ್ಲಿಗೇ ನಿಂತರು. 

"ಅದು ಆಕಿ ಪಾಲ್ರೀ ಸಾರ್. ನಾನ ಕೊಟ್ಟೀನಿ. ಪಾಲು ಕೊಡದ ಯಾರರ ಒಲಿ ಬ್ಯಾರೆ ಮಾಡ್ತಾರೇನ್ರಿ?"

ಎಲ್ಲ ಹಾಳಾಯಿತು ಅಂದುಕೊಂಡೆ. ತಿಪ್ಪೇಸ್ವಾಮಿ ಚಾಪೆಯ ತುದಿಯಲ್ಲಿ ಕೂತರು. ಹೆಂಚು ನೋಡಿದರು, ಚೊಂಬು ನೋಡಿದರು. "ಉಪ್ಪು?" ಅಂದರು. ಮೈಲಾರಮ್ಮ ಡಬ್ಬಿ ತೋರಿಸಿದರು. ಅವರು ತಲೆ ಅಲ್ಲಾಡಿಸಿ ಟ್ಯಾಬ್ ತೆಗೆದರು.

"ಪಾಲು ಆಗೇತಿ ಅಂದ್ರ ಒಲಿ ಬ್ಯಾರೆ ಆಗೇತಿ. ಇದಕ್ಕಿಂತ ಸಾಕ್ಷಿ ಏನು ಬೇಕು? ಸಂಬಂಧ ಒಂದು ಕೇಳ್ತೈತ್ರಿ ಇದು, ಬ್ಯಾರೆ ಆದೋರು ಏನಾಗಬೇಕು ಅಂತ."

ಸೇರುವಾಗ ಕೇಳದ್ದನ್ನು ಬಿಡುವಾಗ ಕೇಳುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಮೈಲಾರಮ್ಮ, "ಮಗಳ್ರೀ" ಅಂದರು. ಅವರು ಹಾಗೇ ಒತ್ತಿದರು. ನನ್ನ ಹೆಬ್ಬೆಟ್ಟು ಇಡಿಸಿಕೊಂಡರು. ಮಗಳು ಅಂತ ಬರೆದದ್ದೂ, ಮನೆಯಿಂದ ತೆಗೆದದ್ದೂ ಒಂದೇ ಹೆಬ್ಬೆಟ್ಟಿಗೆ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು — "ಆರು ತಿಂಗಳು ಯಾವಾಗ ಬೇಕಾದ್ರೂ ಮತ್ತ ನೋಡಾಕ ಬರ್ತಾರ. ಮ್ಯಾಲಿನವ್ರು. ಅವ್ರು ನನ್ನಂಗ ಅಲ್ಲ. ಒಂದ ಒಲಿಮ್ಯಾಲ ಇಬ್ರೂ ಉಣ್ಣೋದು ಕಂಡ್ರ ಪಿಂಚಣಿ ಉಳಿಯಂಗಿಲ್ಲ."

1 ಮಾರ್ಚ್, ಮಂಗಳವಾರ

ಪಿಂಚಣಿ ಬಂತು. ಶಿವಲೀಲಾ ಬಾಗಿಲಿಗೇ ತಂದುಕೊಟ್ಟಳು. ಮೈಲಾರಮ್ಮ ಕಣ್ಣಿಗೊತ್ತಿಕೊಂಡು ಒಳಗಿಟ್ಟರು. ನನಗೆ ಎಷ್ಟು ನಿರಾಳವಾಯಿತೆಂದರೆ ಕಟ್ಟೆಯ ಮೇಲೆ ಕೂತುಬಿಟ್ಟೆ.

ಆಕೆ ನನ್ನ ಜೊತೆ ಈಗ ಹೊರಗೇ ಮಾತಾಡುವುದು. ಒಳಗೆ ಕರೆಯುವುದಿಲ್ಲ. ಹೆದರಿಕೆ ಆಕೆಗಿಂತ ನನಗೇ ಹೆಚ್ಚು. ನಿನ್ನೆ ಒಂದು ಬಟ್ಟಲಲ್ಲಿ ಪಲ್ಯ ತಂದು ಬಾಗಿಲಿಗೆ ಬಂದರು, ನಾನೇ ತಿರುಗಿಸಿ ಕಳಿಸಿದೆ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ಥೀಸಿಸಿನ ಬಾಕ್ಸ್ ಬರೆಯಲು ಕೂತೆ. 'ಫಲಾನುಭವಿ ಮ.' ಅಂತ ಶುರು ಮಾಡಿದೆ. ಒಂದು ಸಾಲು ಮುಂದೆ ಹೋಗಲಿಲ್ಲ.

13 ಮಾರ್ಚ್, ಭಾನುವಾರ

ಯಾರ ಜೊತೆಗೂ ಮಾತಾಡದೆ ಎರಡು ದಿನ. ಸರ್ವೆ ಮುಗಿದಿದೆ, ಉಳಿದದ್ದು ಉತ್ತರಗಳನ್ನು ವಿಂಗಡಿಸುವ ಕೋಡಿಂಗ್. ನನ್ನ ಬೋಗುಣಿಯಲ್ಲಿ ಅನ್ನ ಈಗ ಸರಿಯಾಗಿ ಬರುತ್ತಿದೆ. ತೊಳೆಯುವಾಗ ಎರಡು ಹೆಸರೂ ಬೆರಳಿಗೆ ಸಿಗುತ್ತವೆ. ಒಬ್ಬಳಿಗೆಂದು ಮಾಡಿದರೂ ಯಾವಾಗಲೂ ಉಳಿಯುತ್ತದೆ.

18 ಮಾರ್ಚ್, ಶುಕ್ರವಾರ. ಸಂಜೆ.

ಅಕ್ಕಿ ತೊಳೆದಿಟ್ಟಿದ್ದೇನೆ. ಸ್ಟವ್ ಹಚ್ಚಿಲ್ಲ. ಆಚೆ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ದಿನಾ ಈ ಹೊತ್ತಿಗೆ ಕೇಳುತ್ತ ಕೂರುತ್ತೇನೆ, ಅದೇ ಈಗ ನನಗೆ ಜೊತೆ. ಎರಡು ಬಡಿದು ನಿಲ್ಲಿಸುತ್ತಾರೆ. ಆಮೇಲೆ ತಟ್ಟೆಯ ಸದ್ದು, ಆಮೇಲೆ ನಲ್ಲಿ.

ಬೆಳಿಗ್ಗೆ ಶಿವಲೀಲಾ ಹೇಳಿದಳು, ಮೇಲಿನವರು ಈ ವಾರವೋ ಮುಂದಿನ ವಾರವೋ ಬರುತ್ತಾರಂತೆ, ಸಂಜೆ ಹೊತ್ತಿಗೇ. ಮೈಲಾರಮ್ಮನ ಎದುರೇ ಹೇಳಿದಳು. ಇನ್ನು ಸ್ವಲ್ಪ ದಿನ ಅಷ್ಟೇ, ಮೇ ತಿಂಗಳಲ್ಲಿ ನಾನೇ ಹೋಗುತ್ತೇನೆ. ಆಕೆಗೆ ಪಿಂಚಣಿ ಉಳಿಯಬೇಕು. ಅದಕ್ಕಿಂತ ದೊಡ್ಡದು ಏನೂ ಇಲ್ಲ.

ಎರಡನೆಯದು ಆಯಿತು.

ನಿಲ್ಲಿಸಿಲ್ಲ. ಮೂರನೆಯದು ಬಡಿಯುತ್ತಿದ್ದಾರೆ. ಯಾರಾದರೂ ಬಂದಿದ್ದಾರೆಯೇ? ಬಾಗಿಲ ಸದ್ದು ಕೇಳಲಿಲ್ಲ, ಮಾತೂ ಇಲ್ಲ.

ನಾಲ್ಕನೆಯದು.

ಇದು ಇಬ್ಬರ ಅಡುಗೆ. ಏನು ಮಾಡುತ್ತಿದ್ದಾರೆ ಈಕೆ... ಬೆಳಿಗ್ಗೆ ತಾನೇ ಕೇಳಿಸಿಕೊಂಡರಲ್ಲ. ಕರೆದರೂ ಏಳಬಾರದು. ಬರೆಯುತ್ತ ಕೂತಿರುತ್ತೇನೆ, ಬರೆಯುತ್ತಿದ್ದರೆ ಕೈಗೆ ಕೆಲಸವಿರುತ್ತದೆ.

ಗೋಡೆಗೆ ಸೌಟು ಬಿತ್ತು. ಒಂದೇ ಸಲ, ಮೆಲ್ಲಗೆ. ಏಳಬಾರದು.

ಸುಮ್ಮನಾದರು. ಒಳ್ಳೆಯದಾಯಿತು.

ಮತ್ತೆ ಬಡಿದರು. ಈ ಸಲ ಜೋರಾಗಿ, ಮಳೆಯ ದಿನ ಬಡಿದ ಹಾಗೆ — ಏಳಬಾರ